ದಬ್ಬಣ, ದಾರ ಮತ್ತು ವಿನೆಗರ್ ಹತ್ತಿ

ಕ್ರಿ.ಶ. 711ರಲ್ಲಿ ಇರಾನಿನ ಶಿರಾಜ್‌ನಿಂದ ಸಿಂಧ್ ಕಡೆ ಹೊರಟ ಅರಬ್ ಸೈನ್ಯದಲ್ಲಿ ಒಬ್ಬ ಸಾಮಾನ್ಯ ಕಾಲಾಳು ಏನು ತೊಟ್ಟಿರುತ್ತಿದ್ದ, ಹೆಗಲ ಮೇಲೆ ಏನು ಹೊತ್ತಿರುತ್ತಿದ್ದ, ಅವನ ಚೀಲದಲ್ಲಿ ಏನಿತ್ತು? ಅಷ್ಟನ್ನೂ ಒಂದೊಂದಾಗಿ ಹೊಲಿದು, ಕೊಂಡು ತಂದು, ಮೈಮೇಲೆ ಹಾಕಿಕೊಂಡು ತಪಾಸಣೆಗೆ ನಿಂತ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಾಮಾನು ಜಾಸ್ತಿ ಇದೆ.

ನಾನು ಧಾರವಾಡದ ಕಡೆಯವನು. ಕೆಲಸದ ಸಲುವಾಗಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿದ್ದೇನೆ. ಇಲ್ಲಿ ಹಳೇ ಕಾಲದ ಬದುಕನ್ನು ಹಾಗೇ ಮಾಡಿ ತೋರಿಸುವ ತಂಡಗಳು ಬಹಳ. ಬೇಸಿಗೆಯಲ್ಲಿ ಯಾವುದಾದರೂ ಕೋಟೆಯ ಮೈದಾನದಲ್ಲಿ ಡೇರೆ ಹಾಕುತ್ತಾರೆ, ಆ ಕಾಲದ ಬಟ್ಟೆ ತೊಡುತ್ತಾರೆ, ಆ ಕಾಲದ ಅಡುಗೆ ಮಾಡುತ್ತಾರೆ, ನೋಡಲು ಬಂದವರಿಗೆ ಬಿಡಿಸಿ ಹೇಳುತ್ತಾರೆ. ನಾನು ಸೇರಿದ ತಂಡದಲ್ಲಿ ಎಲ್ಲರೂ ಸ್ಯಾಕ್ಸನ್ನರು, ಇಲ್ಲವಾದರೆ ವೈಕಿಂಗರು. ಇಂಗ್ಲೆಂಡಿನಲ್ಲಿ ಸ್ಯಾಕ್ಸನ್ ರಾಜರು ಇದ್ದ ಕಾಲದಲ್ಲೇ ಡಮಾಸ್ಕಸ್‌ನ ಉಮಯ್ಯದ್ ಖಲೀಫರ ಸೈನ್ಯ ಒಂದು ಕಡೆ ಸ್ಪೇನ್ ಮುಟ್ಟಿತ್ತು, ಇನ್ನೊಂದು ಕಡೆ ಸಿಂಧ್‌ಗೆ ಹೊರಟಿತ್ತು. ಎರಡೂ 711ರಲ್ಲೇ. ಅಂಥ ಸೈನ್ಯದ ಒಬ್ಬ ಆಳೂ ನಮ್ಮ ಡೇರೆಗಳಲ್ಲಿ ಇಲ್ಲವಲ್ಲ ಅಂತ ನನಗೆ ಬಹಳ ಅನಿಸುತ್ತಿತ್ತು. ಹಾಗಾಗಿ ನಾನೇ ಆಗುತ್ತೇನೆ ಅಂದೆ.

ತಂಡದಲ್ಲಿ ಅಥೆಂಟಿಸಿಟಿ ಆಫೀಸರ್ ಅಂತ ಒಬ್ಬರು ಇರುತ್ತಾರೆ. ನೀವು ತೊಟ್ಟ ಪ್ರತಿ ಬಟ್ಟೆಗೂ, ಹಿಡಿದ ಪ್ರತಿ ವಸ್ತುವಿಗೂ ಅವರಿಗೆ ಆಧಾರ ಕೊಡಬೇಕು. ನೆಲ ಅಗೆದಾಗ ಸಿಕ್ಕ ವಸ್ತು ಆಗಬಹುದು, ಆ ಕಾಲದ ಚಿತ್ರ ಆಗಬಹುದು, ಹತ್ತಿರದ ಕಾಲದವರು ಬರೆದಿಟ್ಟ ಮಾತು ಆಗಬಹುದು. ಮೂರರಲ್ಲಿ ಒಂದೂ ಇಲ್ಲ ಅಂದರೆ ಅದು ಮನೆಯಲ್ಲೇ ಉಳಿಯಬೇಕು. ಸಿನಿಮಾದಲ್ಲಿ ನೋಡಿದ ಬಾಗಿದ ಕತ್ತಿ, ಚೂಪು ಮೂತಿಯ ಬೂಟು ಇದ್ಯಾವುದೂ ನಡೆಯುವುದಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟವಾಯಿತು.

ತಂಡದ ಗೆಳೆಯರು ಮೊದಲು ಕೇಳಿದ್ದು ಉಂಗುರದ ಕವಚದ ಬಗ್ಗೆ. ಉಕ್ಕಿನ ಸಣ್ಣ ಉಂಗುರಗಳನ್ನು ಒಂದರೊಳಗೆ ಒಂದು ಸಿಕ್ಕಿಸಿ, ತುದಿಗೆ ರಿವೆಟ್ ಹೊಡೆದು ಮಾಡುವ ಅಂಗಿ ಅದು. ಅರಬರು ಅದಕ್ಕೆ ದಿರ್ಅ ಅನ್ನುತ್ತಿದ್ದರು. ಇವತ್ತು ಇಂಥ ತಂಡಗಳವರು ತೊಡುವ ಕವಚಗಳಲ್ಲಿ ಎಷ್ಟೋ ನಮ್ಮ ಭಾರತದಲ್ಲೇ ತಯಾರಾಗಿ ಬರುತ್ತವೆ, ದುಡ್ಡು ಕೊಟ್ಟರೆ ವಾರದಲ್ಲಿ ಮನೆಗೆ ಬರುತ್ತದೆ. ನಾನು ಬೇಡ ಅಂದೆ. ಕಾರಣ ಇತಿಹಾಸಕಾರ ತಬರಿ ಬರೆದಿಟ್ಟ ಒಂದು ಸಂಖ್ಯೆ. 705ರಲ್ಲಿ ಕುತೈಬಾ ಇಬ್ನ್ ಮುಸ್ಲಿಮ್ ಇರಾನಿನ ಈಶಾನ್ಯದ ಖುರಾಸಾನ್ ಪ್ರಾಂತಕ್ಕೆ ಅಧಿಕಾರಿಯಾಗಿ ಬಂದು ಸೈನ್ಯದ ಆಯುಧಗಳನ್ನು ಎಣಿಸಿದಾಗ ಸಿಕ್ಕ ಕವಚಗಳು 350. ಅದೇ ಖುರಾಸಾನ್ ಸೈನ್ಯದ 715ರ ಲೆಕ್ಕವನ್ನೂ ತಬರಿ ಕೊಡುತ್ತಾನೆ. ಇರಾಕಿನ ದಂಡಿನ ಊರುಗಳಲ್ಲಿ ಬಸ್ರಾದ ಕುಲಗಳಿಂದ ಬಂದವರು 40,000, ಕೂಫಾದವರು 7,000, ಅರಬರಲ್ಲದ ಮುಸ್ಲಿಮರು 7,000. ಎರಡೂ ಲೆಕ್ಕದ ನಡುವೆ ಹತ್ತು ವರ್ಷ ಇದೆ ನಿಜ. ಆದರೂ ಒಂದು ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಕವಚ ತೊಟ್ಟವನು ನೂರಕ್ಕೆ ಒಬ್ಬ ಸಿಕ್ಕರೆ ಹೆಚ್ಚು. ನನಗೆ ಬೇಕಾಗಿದ್ದವನು ಆ ಒಬ್ಬ ಅಲ್ಲ, ಉಳಿದವರಲ್ಲಿ ಒಬ್ಬ.

ಸಿಂಧ್ ದಂಡಯಾತ್ರೆಯನ್ನೇ ಆರಿಸಿಕೊಂಡಿದ್ದಕ್ಕೂ ಕಾರಣ ಇದೆ. ಒಂಬತ್ತನೇ ಶತಮಾನದ ಇತಿಹಾಸಕಾರ ಬಲಾಧುರಿ ಈ ದಂಡಿನ ಬಗ್ಗೆ ಬರೆಯುವಾಗ ಯುದ್ಧದ ಜೊತೆಗೆ ಸಾಮಾನಿನ ಬಗ್ಗೆಯೂ ಬರೆದಿದ್ದಾನೆ. ಇರಾಕ್‌ನಲ್ಲಿ ಕೂತು ಇಡೀ ಪೂರ್ವ ಭಾಗವನ್ನು ಆಳುತ್ತಿದ್ದವನು ಹಜ್ಜಾಜ್ ಇಬ್ನ್ ಯೂಸುಫ್. ಕಟ್ಟುನಿಟ್ಟಿನ ಮನುಷ್ಯ, ಕ್ರೂರಿ ಅಂತಲೂ ಹೆಸರು. ಅವನು ತನ್ನ ಸಂಬಂಧಿಕ, ಇನ್ನೂ ಎಳೇ ವಯಸ್ಸಿನ ಮುಹಮ್ಮದ್ ಇಬ್ನ್ ಕಾಸಿಮ್‌ಗೆ ದಂಡು ಒಪ್ಪಿಸಿದ, 6,000 ಸಿರಿಯಾದ ಸೈನಿಕರನ್ನು ಕೊಟ್ಟ, ಎಲ್ಲರೂ ಬಂದು ಕೂಡುವವರೆಗೆ ಶಿರಾಜ್‌ನಲ್ಲೇ ಇರು ಅಂದ. ಬೇಕಾದ್ದೆಲ್ಲವನ್ನೂ ಕಟ್ಟಿ ಕಳಿಸಿದ, ದಾರ ಮತ್ತು ದಬ್ಬಣ ಕೂಡ ಬಿಡದ ಹಾಗೆ. ಇದು ಬಲಾಧುರಿಯ ಮಾತು. ಆಮೇಲೆ ಅವನು ವಿನೆಗರ್ ಹತ್ತಿಯ ಸಂಗತಿ ಹೇಳುತ್ತಾನೆ, ಅದಕ್ಕೆ ಮುಂದೆ ಬರುತ್ತೇನೆ. ಸಾವಿರಾರು ಜನರ ಸೈನ್ಯವನ್ನು ಪರದೇಶಕ್ಕೆ ಕಳಿಸುವಾಗ ಹರಿದ ಚೀಲ ಹೊಲಿಯಲು ದಬ್ಬಣ ಇದೆಯಾ ಅಂತ ಮೇಲಿನವನೇ ನೋಡುತ್ತಾನೆ ಅಂದರೆ, ಆ ಸೈನ್ಯ ಅಷ್ಟು ದೂರ ಹೇಗೆ ಹೋಯಿತು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ ಅಂತ ನನ್ನ ನಂಬಿಕೆ.

ಬಟ್ಟೆಯಿಂದ ಶುರು ಮಾಡಿದೆ. ಇದಕ್ಕೆ ಆಧಾರ ಸಿಕ್ಕಿದ್ದು ಈಜಿಪ್ಟ್‌ನಿಂದ. ಅರಬರು ಈಜಿಪ್ಟ್ ಗೆದ್ದಾಗ ಅಲ್ಲಿನ ರೈತರ ಮೇಲೆ ಹಾಕಿದ ಕರದಲ್ಲಿ ಸೈನಿಕನ ಊಟ ಬಟ್ಟೆಯೂ ಸೇರಿತ್ತು. ಒಬ್ಬೊಬ್ಬನಿಗೆ ಗೋಧಿ, ಎಣ್ಣೆ, ಜೇನುತುಪ್ಪ, ವಿನೆಗರ್. ವರ್ಷಕ್ಕೊಮ್ಮೆ ಉಣ್ಣೆಯ ಒಂದು ಜುಬ್ಬಾ, ತಲೆಗೆ ಕುಲಾವಿಯ ಮೇಲಂಗಿ ಇಲ್ಲವೇ ರುಮಾಲು, ಒಂದು ಸಡಿಲ ಪೈಜಾಮ, ಒಂದು ಜೊತೆ ಬೂಟು. ಇದನ್ನೂ ಬಲಾಧುರಿಯೇ ಹೇಳುತ್ತಾನೆ. ನನಗೆ ಇದಕ್ಕಿಂತ ಚೆನ್ನಾದ ಪಟ್ಟಿ ಬೇಕಿರಲಿಲ್ಲ.

ಬಟ್ಟೆಯ ಹೊಲಿಗೆ ಎಲ್ಲೂ ಮಷೀನಿನದು ಆಗಿರಬಾರದು. ಹೊರಗೆ ಕಾಣುವ ಹೊಲಿಗೆ ಮಾತ್ರ ಕೈಯಿಂದ ಹಾಕಿದರೆ ಸಾಕು ಅಂತ ಕೆಲವರು ಅನ್ನುತ್ತಾರೆ, ಆದರೆ ನಾನು ಪೂರ್ತಿ ಕೈಹೊಲಿಗೆಯೇ ಮಾಡಬೇಕು ಅಂತ ಹಟ ಹಿಡಿದೆ. ಉಣ್ಣೆ ಬಟ್ಟೆ ದಪ್ಪ, ಒಳಗೆ ನಾರಿನ ಬಟ್ಟೆಯ ಲೈನಿಂಗ್, ಎರಡೂ ಸೇರಿಸಿ ಹೊಲಿಯುವಾಗ ಸೂಜಿ ಹಿಂದೆ ಬರುವುದಿಲ್ಲ. ನಮ್ಮ ಅವ್ವ ಕೌದಿ ಹೊಲಿಯುವುದರಲ್ಲಿ ಪಳಗಿದವಳು. ವಿಡಿಯೊ ಕಾಲ್ ಮಾಡಿ ಮೊಬೈಲನ್ನು ಬಟ್ಟೆಯ ಮುಂದೆ ನಿಲ್ಲಿಸಿ ತೋರಿಸಿದೆ.

"ಅಷ್ಟ್ ಜಗ್ಗಬ್ಯಾಡೋ, ಅರಿವಿ ಸುಕ್ಕಾಗ್ತದ," ಅಂದಳು. "ದಾರಕ್ಕ ಮೇಣ ಸವರು. ಮ್ಯಾಲ ಸೂಜಿ ಚುಚ್ಚಿ ಬಿಡು, ಆ ಕಡಿಂದ ಬಂದಾಗ ಎಡಗೈಲೆ ಹಿಡಿ. ಮೂರ್ನಾಕ್ ಟಾಕಿ ಒಮ್ಮೆಲೆ ತಗೊ."

ಜೇನುಮೇಣ ಸವರಿದ ನಾರಿನ ದಾರ ಉಣ್ಣೆಯೊಳಗೆ ಸಲೀಸಾಗಿ ಓಡಿತು. ಅಂಚು ಮಡಚಿ ಎರಡನೇ ಸಾಲು ಹಾಕುವುದನ್ನೂ ಅವಳೇ ಹೇಳಿಕೊಟ್ಟಳು. ಯಾರಿಗೆ ಹೊಲಿತೀಯೋ ಅಂತ ಕೇಳಿದಾಗ ಸಾವಿರದ ಮುನ್ನೂರು ವರ್ಷದ ಹಿಂದಿನ ಒಬ್ಬ ಸಿಪಾಯಿಗೆ ಅಂದೆ. ಅವ್ವ ಅದಕ್ಕೂ ಸೈ ಅಂದಳು, ಕಂಕುಳಲ್ಲಿ ಒಂದು ಚೌಕ ತುಂಡು ಹಚ್ಚು, ಕೈ ಎತ್ತಿದಾಗ ಹರಿಯುವುದಿಲ್ಲ ಅಂತ ಸೇರಿಸಿದಳು. ಆ ಚೌಕ ತುಂಡು ಹಳೇ ಕಾಲದ ಅಂಗಿಗಳಲ್ಲೂ ಇದ್ದದ್ದೇ. ಭರ್ಜಿ ಎತ್ತುವವನಿಗೆ ಅದಿಲ್ಲದೆ ಆಗುವುದಿಲ್ಲ.

ಗುರಾಣಿಗೆ ಒಳ್ಳೆಯ ಆಧಾರ ಇದೆ. ಈಗಿನ ತಜಿಕಿಸ್ತಾನದ ಮುಗ್ ಬೆಟ್ಟದ ಕೋಟೆಯಲ್ಲಿ ಸಿಕ್ಕ ಮರದ ಗುರಾಣಿಯ ತುಂಡು ಅದು. ಮೇಲೆ ತೊಗಲು ಹೊದಿಸಿ ಒಬ್ಬ ಕುದುರೆ ಸವಾರನ ಚಿತ್ರ ಬರೆದಿದ್ದಾರೆ. ಅದೇ ಸೀಮೆಯ ಪಂಜಿಕೆಂಟ್ ಪಟ್ಟಣದ ದೊರೆ ದೇವಾಷ್ಟಿಚ್ ಅರಬರಿಂದ ತಪ್ಪಿಸಿಕೊಂಡು ಆ ಕೋಟೆ ಸೇರಿದ್ದ, 722ರಲ್ಲಿ ಸಿಕ್ಕಿಬಿದ್ದ. ಅಂದರೆ ಅದು ಅರಬರದ್ದಲ್ಲ, ಅವರ ಎದುರಾಳಿಗಳದ್ದು. ಆದರೆ ಗೆದ್ದವರು ಸೋತವರ ಸಾಮಾನು ಬಳಸುವುದು ಆಗ ಮಾಮೂಲು. ನಾನು ತೆಳ್ಳಗಿನ ಹಲಗೆಗಳನ್ನು ಅಂಟಿಸಿ ದುಂಡಗೆ ಕತ್ತರಿಸಿ, ಮೇಲೆ ತೊಗಲು ಹೊದಿಸಿದೆ. ಅಂಚಿಗೆ ಹದ ಮಾಡದ ಹಸಿ ತೊಗಲಿನ ಪಟ್ಟಿ ಬೇಕು. ಇಲ್ಲಿ ಅದು ಸುಲಭವಾಗಿ ಸಿಗುವುದು ಸಾಕುಪ್ರಾಣಿಗಳ ಅಂಗಡಿಯಲ್ಲಿ, ನಾಯಿ ಜಗಿಯಲು ಕೊಡುವ ತೊಗಲಿನ ಸುರುಳಿ ಇದೆಯಲ್ಲ, ಅದೇ. ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಪಟ್ಟಿ ಕೊಯ್ದು, ಅಂಚಿನ ಸುತ್ತ ಎಳೆದು, ದಬ್ಬಣದಿಂದ ತೂತು ಮಾಡಿ ಹೊಲಿದುಬಿಡಬೇಕು. ಒಣಗುತ್ತಾ ಒಣಗುತ್ತಾ ಅದು ಬಿಗಿದು ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸುತ್ತದೆ. ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತದೆ.

ಭರ್ಜಿಯ ಕೋಲಿನ ವಿಷಯ ನನಗೆ ಬಹಳ ಖುಷಿ ಕೊಟ್ಟಿತು. ಅರಬ್ ಕವಿಗಳು ಹೊಗಳುವ ಖತ್ತಿ ಭರ್ಜಿ ಅಂದರೆ ಖತ್ತ್ ಅನ್ನುವ ಕರಾವಳಿಯಿಂದ ಬಂದದ್ದು, ಈಗಿನ ಸೌದಿ ಅರೇಬಿಯಾದ ಪೂರ್ವ ತೀರ, ಬಹ್ರೇನ್ ಹತ್ತಿರ. ಕೋಲು ಮಾತ್ರ ಅಲ್ಲಿ ಬೆಳೆದದ್ದಲ್ಲ, ಭಾರತದಿಂದ ಹಡಗಿನಲ್ಲಿ ಅಲ್ಲಿಗೆ ಇಳಿಯುತ್ತಿದ್ದ ಬಿದಿರು. ಇಂಗ್ಲೆಂಡಿನ ತೋಟದಂಗಡಿಯಲ್ಲಿ ಸಿಗುವ ಬಿದಿರು ಒಳಗೆ ಟೊಳ್ಳು, ಕಾಲಿಟ್ಟರೆ ಸೀಳುತ್ತದೆ. ನಮ್ಮಲ್ಲಿ ಲಾಠಿಗೆ ಬಳಸುವ, ಒಳಗೆ ಗಟ್ಟಿ ಇರುವ ಬಿದಿರೇ ಬೇಕು. ಅದನ್ನು ಹುಡುಕಿ ತರಿಸಿ, ಬೆಂಕಿಯ ಮೇಲೆ ಕಾಯಿಸಿ ನೆಟ್ಟಗೆ ಮಾಡಿ, ಗಿಣ್ಣುಗಳನ್ನು ಉಜ್ಜಿ ನುಣುಪು ಮಾಡಿದೆ. ಕಬ್ಬಿಣದ ಮೊನೆಯನ್ನು ಇಲ್ಲಿನ ಕಮ್ಮಾರರೊಬ್ಬರು ಬಡಿದುಕೊಟ್ಟರು. ಬುಡಕ್ಕೂ ಒಂದು ಸಣ್ಣ ಕಬ್ಬಿಣದ ಚೂಪು, ನೆಲಕ್ಕೆ ಊರಲು. ಕೈಯಲ್ಲಿ ಹಿಡಿದು ಒಮ್ಮೆ ಅಲುಗಿಸಿದರೆ ತುದಿ ನಡುಗುತ್ತದೆ. ಕವಿಗಳು ಹೊಗಳಿದ್ದು ಇದನ್ನೇ.

ಕತ್ತಿ ನೆಟ್ಟಗಿನದು, ಎರಡೂ ಕಡೆ ಅಲಗು ಇರುವಂಥದ್ದು, ಸೊಂಟಕ್ಕೆ ಕಟ್ಟದೆ ಹೆಗಲಿನಿಂದ ಇಳಿಬಿಟ್ಟ ತೊಗಲಿನ ಪಟ್ಟಿಯಲ್ಲಿ. ಬಾಗಿದ ಕತ್ತಿ ಇಷ್ಟು ಬೇಗ ಬಂದಿರಲಿಲ್ಲ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಪ್ರವಾದಿ ಮತ್ತು ಅವರ ಸಂಗಡಿಗರದ್ದು ಅಂತ ಇಟ್ಟಿರುವ ಕತ್ತಿಗಳ ಫೋಟೊ ನೋಡಿ ಉದ್ದ ಅಗಲ ಲೆಕ್ಕ ಹಾಕಿದೆ. ನನ್ನದು ಮೊಂಡು ಅಲಗಿನ ಸಾದಾ ಕತ್ತಿ. ಹಣ ಇದ್ದವರು ಬಯಸುತ್ತಿದ್ದದ್ದು ಭಾರತದ ಕತ್ತಿ. ಒಂಬತ್ತನೇ ಶತಮಾನದಲ್ಲಿ ಅಲ್-ಕಿಂದಿ ಅನ್ನುವ ಪಂಡಿತ ಖಲೀಫ ಮುಅತಸಿಮ್‌ಗಾಗಿ ಕತ್ತಿಗಳ ಜಾತಿ ವಿಂಗಡಿಸಿ ಬರೆದಾಗ ಯೆಮನ್ ಮತ್ತು ಭಾರತದ ಕತ್ತಿಗಳನ್ನು ಮೇಲಿನ ಸಾಲಿನಲ್ಲಿಟ್ಟ, ಸಿಂಹಳದ ಉಕ್ಕಿನ ಬಗ್ಗೆಯೂ ಬರೆದ. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ನಮ್ಮ ದಕ್ಷಿಣದಲ್ಲಿ ಬಹಳ ಹಳೆಯದು. ಚಿತ್ರದುರ್ಗ ಕಡೆಯ ಗಟ್ಟಿಹೊಸಹಳ್ಳಿಯಲ್ಲೂ ಮೂಸೆಗಳ ಚೂರು ಸಿಕ್ಕಿವೆ, ಅವು ಈ ಕಾಲಕ್ಕಿಂತ ಎಷ್ಟೋ ಈಚಿನವು. ನನ್ನ ಕಾಲಾಳಿಗೆ ಅಂಥ ಕತ್ತಿ ಕೈಗೆ ಎಟುಕುತ್ತಿರಲಿಲ್ಲ, ಹಾಗಾಗಿ ಅದರ ಆಸೆಗೆ ಬೀಳಲಿಲ್ಲ.

ಇನ್ನು ಚೀಲ. ನಿಜ ಹೇಳಬೇಕೆಂದರೆ ನಾನು ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆ. ಒಂಟೆಯ ಪಕ್ಕೆಗೆ ತೂಗುಹಾಕುವ ಹಾಗೆ ನೇಯ್ದ ಉಣ್ಣೆಯ ಚೀಲ, ಒಳಗೆ ದಬ್ಬಣ, ಸಣ್ಣ ಸೂಜಿಗಳು, ನಾರಿನ ದಾರದ ಉಂಡೆ, ಮೇಣದ ತುಂಡು, ಬಿಲ್ಲಿನ ಹೆದೆ ಎರಡು ಹೆಚ್ಚಿಗೆ, ಮರದ ಬಟ್ಟಲು, ನೀರಿನ ತೊಗಲು ಚೀಲ, ಹಿಟ್ಟು, ಖರ್ಜೂರ. ಆಗಿನ ಅರಬ್ ಸೈನಿಕರು ದಾರಿಯಲ್ಲಿ ಒಂಟೆ ಏರಿ, ಕಾಳಗದ ಹೊತ್ತಿಗೆ ಇಳಿದು ನಿಲ್ಲುವುದು ಸಾಮಾನ್ಯ. ಭಾರವಾದ ಸಾಮಾನು, ಆಯುಧ, ಯಂತ್ರ ಎಲ್ಲಾ ಸಿಂಧ್‌ನ ದೇಬಲ್ ಬಂದರಿಗೆ ಹಡಗಿನಲ್ಲಿ ಬಂದವು. ಅಂದರೆ ಒಬ್ಬ ಆಳು ಇಡೀ ಸಂಸಾರ ಹೊತ್ತು ನಡೆಯಬೇಕಿರಲಿಲ್ಲ. 717ರಲ್ಲಿ ಉಮಯ್ಯದ್ ಸೇನಾನಾಯಕ ಮಸ್ಲಮಾ ಕಾನ್‌ಸ್ಟಾಂಟಿನೋಪಲ್ ಮೇಲೆ ಹೋದಾಗ ಪ್ರತಿ ಸವಾರನೂ ಕುದುರೆಯ ಬೆನ್ನ ಮೇಲೆ ಎರಡೆರಡು ಅಳತೆ ಧಾನ್ಯ ಕಟ್ಟಿಕೊಳ್ಳಬೇಕು ಅಂತ ಆಜ್ಞೆ ಮಾಡಿದ್ದ, ಅಲ್ಲಿ ಹೋಗಿ ಎಲ್ಲವನ್ನೂ ರಾಶಿ ಹಾಕಿದರು, ಜೊತೆಗೆ ಬಿತ್ತನೆಯನ್ನೂ ಮಾಡಿದರು. ಹೊಟ್ಟೆಯ ಲೆಕ್ಕ ಮೊದಲು, ಆಮೇಲೆ ಉಳಿದದ್ದು.

ಈಗ ವಿನೆಗರ್ ಹತ್ತಿ. ಹಜ್ಜಾಜ್ ಮಾಡಿದ್ದು ಇದು: ಬಿಡಿಸಿದ ಹತ್ತಿಯನ್ನು ದ್ರಾಕ್ಷಾರಸದ ಗಟ್ಟಿ ವಿನೆಗರ್‌ನಲ್ಲಿ ನೆನೆಸಿಸಿ, ನೆರಳಲ್ಲಿ ಒಣಗಿಸಿ ಕಳಿಸಿದ. ಸಿಂಧ್‌ನಲ್ಲಿ ವಿನೆಗರ್ ಸಿಗುವುದು ಕಷ್ಟ, ಈ ಹತ್ತಿಯನ್ನು ನೀರಿನಲ್ಲಿ ನೆನೆಸಿ ಆ ನೀರಿನಲ್ಲಿ ಅಡುಗೆ ಮಾಡಿಕೊಳ್ಳಿ, ಊಟಕ್ಕೂ ನಂಜಿಕೊಳ್ಳಿ ಅಂತ ಹೇಳಿದ. ಓದಿದ ದಿನದಿಂದ ಇದನ್ನು ಮಾಡಿ ನೋಡಲೇಬೇಕು ಅಂತ ಕೂತಿದ್ದೆ.

ಎರಡು ಬಗೆಯ ವಿನೆಗರ್ ತಂದೆ. ಒಂದು ಅಂಗಡಿಯ ಬಿಳಿ ವಿನೆಗರ್, ಇನ್ನೊಂದು ಸೋಸದ ಕೆಂಪು ದ್ರಾಕ್ಷಿ ವಿನೆಗರ್. ಎರಡು ಬಟ್ಟಲಲ್ಲಿ ಹತ್ತಿ ಹಿಂಜಿ ಹಾಕಿ ನೆನೆಸಿದೆ, ಜಾಲರಿಯ ಮೇಲೆ ಹರಡಿ ನೆರಳಿಗಿಟ್ಟೆ. ಮನೆಯೆಲ್ಲಾ ಹುಳಿ ವಾಸನೆ. "ರೀ, ಕಿಟಕಿ ತೆಗೆದು ಹಾಕಿ, ಕಣ್ಣು ಉರಿಯುತ್ತಿದೆ," ಅಂತ ನನ್ನಾಕೆ ಹೇಳಿದ ಮೇಲೆ ಜಾಲರಿ ಗ್ಯಾರೇಜಿಗೆ ಹೋಯಿತು. ಒಣಗಿದ ಮೇಲೆ ಮತ್ತೆ ನೆನೆಸಿದೆ, ಮತ್ತೆ ಒಣಗಿಸಿದೆ, ಹೀಗೆ ಕೆಲವು ಸುತ್ತು. ಬಿಳಿ ವಿನೆಗರ್‌ನ ಹತ್ತಿ ಒಣಗಿದ ಮೇಲೆ ಬರೀ ಹತ್ತಿಯೇ ಆಯಿತು. ಅದರಲ್ಲಿರುವ ಹುಳಿ ಗಾಳಿಗೆ ಹಾರಿಹೋಗುವಂಥದ್ದು, ನೀರಿಗೆ ಹಾಕಿದರೆ ಏನೂ ಬಿಡಲಿಲ್ಲ. ಕೆಂಪು ದ್ರಾಕ್ಷಿಯದ್ದು ಹಾಗಲ್ಲ. ದ್ರಾಕ್ಷಿಯಲ್ಲಿ ಗಾಳಿಗೆ ಹಾರದ ಹುಳಿಯೂ ಇದೆ, ಬಣ್ಣ ಇದೆ, ಸ್ವಲ್ಪ ಸಿಹಿ ಇದೆ. ಅದೆಲ್ಲಾ ಹತ್ತಿಯಲ್ಲೇ ಉಳಿಯಿತು. ಹತ್ತಿ ಕಂದು ಬಣ್ಣಕ್ಕೆ ತಿರುಗಿ, ಅಂಟಂಟಾಗಿ, ಸುಕ್ಕಾಗಿ ಒಂದು ಮುದ್ದೆಯಾಯಿತು. ಅದನ್ನು ಬಿಸಿನೀರಿಗೆ ಹಾಕಿ ಹುಣಸೆಹಣ್ಣು ಕಿವುಚಿದ ಹಾಗೆ ಕಿವುಚಿ ಹಿಂಡಿದೆ. ಬಂದ ನೀರು ಕೆಂಪು ಮಿಶ್ರಿತ ಕಂದು, ನಾಲಿಗೆಗೆ ಮೆಲ್ಲನೆ ಹುಳಿ, ಹಿಂದೆ ಒಗರು. ಈರುಳ್ಳಿ ಹುರಿದು ಮಸೂರ ಬೇಳೆಗೆ ಈ ನೀರು ಹಾಕಿ ಬೇಯಿಸಿದೆ. ವಿನೆಗರ್‌ನ ಆ ಚುರುಕು ವಾಸನೆ ಇಲ್ಲ, ಆದರೆ ರುಚಿ ಖಂಡಿತ ಬಂತು. ನನ್ನಾಕೆ ಎರಡನೇ ಸಲ ಹಾಕಿಸಿಕೊಂಡಳು.

ಒಂದು ಹಿಡಿ ಹತ್ತಿಗೆ ತೂಕವೇ ಇಲ್ಲ. ಒಡೆಯುವ ಮಡಕೆ ಇಲ್ಲ, ಸೋರುವ ತೊಗಲು ಚೀಲ ಇಲ್ಲ, ಮೂಟೆ ಕಟ್ಟಿ ಒಂಟೆಯ ಮೇಲೆ ಎಸೆದರೆ ಆಯಿತು. ಈಜಿಪ್ಟ್‌ನ ಸೈನಿಕನ ಪಡಿಯಲ್ಲಿ ವಿನೆಗರ್ ಇತ್ತು ಅಂತ ಹೇಳಿದೆನಲ್ಲ, ಮನೆಯಲ್ಲಿ ದಿನಾ ತಿಂದ ರುಚಿ ಪರದೇಶದಲ್ಲೂ ಸಿಗಲಿ ಅಂತ ಯೋಚಿಸಿದ ಒಬ್ಬ ಕಠಿಣ ಆಡಳಿತಗಾರನನ್ನು ನೋಡಿದರೆ ಆಶ್ಚರ್ಯ ಆಗುತ್ತದೆ. ಆದರೆ ಸಾಮಾನು ಕೊಟ್ಟ ಮಾತ್ರಕ್ಕೆ ಸೈನ್ಯ ಮಾತು ಕೇಳುತ್ತದೆ ಅಂತಲೂ ಇಲ್ಲ. ಇದೇ ಹಜ್ಜಾಜ್ 699ರ ಸುಮಾರಿಗೆ ಈಗಿನ ಅಫ್ಘಾನಿಸ್ತಾನದ ಕಡೆ ಕಳಿಸಿದ ಸೈನ್ಯದ ಥಳುಕು ನೋಡಿ ಜನ ಅದನ್ನು ನವಿಲುಗಳ ಸೈನ್ಯ ಅಂತ ಕರೆದರು. ಅದೇ ಸೈನ್ಯ, ನಾಯಕ ಇಬ್ನುಲ್ ಅಶ್‌ಅಥ್ ಜೊತೆ ತಿರುಗಿಬಿದ್ದು ಇರಾಕ್‌ಗೇ ಬಂತು.

ಸಾಮಾನು ಆಯಿತು, ಇನ್ನು ಮನುಷ್ಯ ಯಾರು ಅನ್ನುವುದು. ಆಫೀಸರ್ ಇದನ್ನೂ ಕೇಳುತ್ತಾರೆ. ನೀನು ಎಲ್ಲಿಯವನು, ಯಾರ ಕೈಕೆಳಗೆ, ನಿನಗೆ ಪಗಾರ ಕೊಡುವವರು ಯಾರು? ನಾನು ಸಿರಿಯಾದ ಹಿಮ್ಸ್ ಜುಂದ್‌ನವನು ಅಂತ ನಿರ್ಧರಿಸಿಕೊಂಡೆ. ಜುಂದ್ ಅಂದರೆ ಸೈನ್ಯದ ಜಿಲ್ಲೆ. ಡಮಾಸ್ಕಸ್, ಹಿಮ್ಸ್, ಜೋರ್ಡನ್, ಪ್ಯಾಲೆಸ್ತೀನ್, ಆಮೇಲೆ ಕಿನ್ನಸ್ರೀನ್. ಪಗಾರದ ವ್ಯವಸ್ಥೆ ಖಲೀಫ ಉಮರ್ 641ರ ಸುಮಾರಿಗೆ ಶುರು ಮಾಡಿದ ದೀವಾನ್, ಅಂದರೆ ಯೋಧರ ಹೆಸರಿನ ಪಟ್ಟಿ. ಮೊದಲು ಬಂದವರಿಗೆ ಹೆಚ್ಚು, ಆಮೇಲೆ ಬಂದವರಿಗೆ ಕಡಿಮೆ. ಪ್ರವಾದಿಯ ಕಾಲದ ಬದ್ರ್ ಕಾಳಗದಲ್ಲಿ ಇದ್ದವರಿಗೆ ವರ್ಷಕ್ಕೆ 5,000 ದಿರ್ಹಮ್, ಕೆಳಗಿನ ಸಾಲಿನವರಿಗೆ 200–300. ಹಣ ನೇರ ಕೈಗೆ ಬರುತ್ತಿರಲಿಲ್ಲ, ನಡುವೆ ಅರೀಫ್ ಅನ್ನುವವನು ಇದ್ದ. ಅವನು ತನ್ನ ಗುಂಪಿನ ಹೆಸರು ಇಟ್ಟುಕೊಂಡು, ಹಣ ತಂದು ಹಂಚಿ, ಯಾರು ಸತ್ತರು, ಯಾರು ಬಂದಿಲ್ಲ ಅಂತ ಲೆಕ್ಕ ಕೊಡಬೇಕು. ಕೂಫಾದಲ್ಲಿ ಒಬ್ಬೊಬ್ಬ ಅರೀಫನ ಪಟ್ಟಿಗೆ ಒಟ್ಟು 1,00,000 ದಿರ್ಹಮ್ ಬರುವ ಹಾಗೆ ಗುಂಪು ಕಟ್ಟಿದ್ದರಂತೆ. ಹೆಚ್ಚು ಪಗಾರದವರ ಗುಂಪು ಸಣ್ಣದು, ಕಡಿಮೆಯವರದ್ದು ದೊಡ್ಡದು. ಚೆನ್ನಾಗಿದೆ ಅಲ್ವಾ?

ಈ ಕಾಗದಪತ್ರದ ಕೆಲಸ ಬರೀ ಆಮೇಲಿನವರ ಕಥೆ ಅಲ್ಲ ಅನ್ನುವುದಕ್ಕೆ ಸಾಕ್ಷಿ ಇವತ್ತಿಗೂ ಉಳಿದಿದೆ. ವಿಯೆನ್ನಾದ ಗ್ರಂಥಾಲಯದಲ್ಲಿ 643ರ ಒಂದು ಪಪೈರಸ್ ರಸೀದಿ ಇದೆ, ಒಂದು ಕಡೆ ಗ್ರೀಕ್, ಜೊತೆಗೆ ಅರಬಿ. ಈಜಿಪ್ಟ್‌ನಲ್ಲಿ ಅಬ್ದುಲ್ಲಾ ಇಬ್ನ್ ಜಾಬಿರ್ ಅನ್ನುವ ಸೇನಾನಾಯಕ ತನ್ನ ಜನರಿಗಾಗಿ 65 ಕುರಿ ಪಡೆದೆ ಅಂತ ಬರೆದುಕೊಟ್ಟಿದ್ದಾನೆ. ಅದರ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕಾಳಗ ಮುಗಿದು ಎರಡು ವರ್ಷ ಆಗಿಲ್ಲ, ಆಗಲೇ ಕುರಿಗೆ ರಸೀದಿ. ನನ್ನ ಕಾಲಾಳಿನ ಕಾಲಕ್ಕೆ ಬಂದರೆ, 709ರಿಂದ 714ರವರೆಗೆ ಈಜಿಪ್ಟ್ ಆಳಿದ ಕುರ್ರಾ ಇಬ್ನ್ ಶರೀಕ್ ಒಂದು ಊರಿನ ಅಧಿಕಾರಿ ಬಸಿಲಿಯೋಸ್‌ಗೆ ಬರೆದ ಪತ್ರಗಳೇ ಇವೆ. ಸೈನಿಕರ ಪಗಾರದ ಹೊತ್ತು ಬಂತು, ಕರದ ಹಣ ಬೇಗ ಕಳಿಸು ಅಂತ ಅವಸರ ಮಾಡುತ್ತಾನೆ.

ತಪಾಸಣೆಯ ದಿನ ಬಂತು. ಹುಲ್ಲಿನ ಮೇಲೆ ಕಂಬಳಿ ಹಾಸಿ ಎಲ್ಲವನ್ನೂ ಜೋಡಿಸಿಟ್ಟೆ. ನಮ್ಮ ಆಫೀಸರ್ ಐವತ್ತು ದಾಟಿದ ಹೆಂಗಸು, ತಾನೇ ನೂಲು ತೆಗೆದು ನೇಯುವವಳು. ಜುಬ್ಬಾದ ಒಳಗನ್ನು ತಿರುಗಿಸಿ ಹೊಲಿಗೆಯ ಉದ್ದಕ್ಕೂ ಬೆರಳು ಓಡಿಸಿದಳು. ಕಂಕುಳ ಚೌಕ ನೋಡಿ ಇದನ್ನು ಯಾರು ಹೇಳಿದರು ಅಂದಳು, ನಮ್ಮಮ್ಮ ಅಂದೆ. ಬೂಟಿನ ಅಡಿ ನೋಡಿದಳು, ಗುರಾಣಿಯ ಹಿಡಿಕೆ ಎಳೆದು ನೋಡಿದಳು, ದಬ್ಬಣದ ಕಣ್ಣು ಡ್ರಿಲ್‌ನಿಂದ ಕೊರೆದದ್ದೋ ಬಡಿದು ಮಾಡಿದ್ದೋ ಅಂತ ಬೆಳಕಿಗೆ ಹಿಡಿದಳು. ಬಡಿದದ್ದು. ಹೆದೆ ಯಾಕೆ ಎರಡು ಹೆಚ್ಚಿಗೆ ಅಂತ ಕೇಳಿದಳು. ನನಗೆ ಬೇಕಾಗಿದ್ದ ಪ್ರಶ್ನೆ.

ಇಸ್ಲಾಂಗಿಂತ ಹಿಂದಿನ ಇರಾನಿನ ದೊರೆ ಖುಸ್ರೋ ಅನುಶಿರ್ವಾನ್ ಬಗ್ಗೆ ತಬರಿ ಹೇಳುವ ಕಥೆ ಇದು. ಸೈನ್ಯದ ಪಟ್ಟಿ ನೋಡಿಕೊಳ್ಳುವ ಬಾಬಕ್ ಎಲ್ಲಾ ಸವಾರರನ್ನೂ ಪೂರ್ತಿ ಆಯುಧದೊಂದಿಗೆ ಬರಲು ಹೇಳಿದ. ಕುದುರೆಗೆ ಕವಚ, ಸವಾರನಿಗೆ ಕವಚ, ಭರ್ಜಿ, ಗುರಾಣಿ, ಗದೆ, ಎರಡು ಬಿಲ್ಲು, 30 ಬಾಣ, ಹೆಚ್ಚಿಗೆ ಎರಡು ಹೆದೆ. ದೊರೆಯೂ ಬಂದ, ಎಲ್ಲಾ ಇತ್ತು, ಆ ಎರಡು ಹೆದೆ ಮಾತ್ರ ಇರಲಿಲ್ಲ. ಬಾಬಕ್ ಹೆಸರು ಕೂಗಲಿಲ್ಲ. ದೊರೆ ಹೆದೆ ತಂದು ನೇತುಹಾಕಿಕೊಂಡ ಮೇಲೇ ಪಾಸು ಮಾಡಿದ, ಎಲ್ಲರಿಗಿಂತ ಒಂದೇ ಒಂದು ದಿರ್ಹಮ್ ಹೆಚ್ಚು ಕೊಟ್ಟ, 4,001. ಈ ಪದ್ಧತಿ ಇಸ್ಲಾಮಿ ಕಾಲಕ್ಕೂ ಬಂತು, ಅದಕ್ಕೆ ಅರ್ದ್ ಅನ್ನುತ್ತಿದ್ದರು. 879ರಿಂದ 901ರವರೆಗೆ ಸಿಸ್ತಾನ್ ಕಡೆ ಆಳಿದ ಅಮ್ರ್ ಇಬ್ನ್ ಲೈಥ್ ಪಗಾರದ ದಿನ ತಾನೇ ಸಾಲಿನ ಮೊದಲಿಗೆ ನಿಲ್ಲುತ್ತಿದ್ದ. ಅಧಿಕಾರಿ ಅವನ ಕುದುರೆ, ಆಯುಧ ಎಲ್ಲಾ ನೋಡಿ 300 ದಿರ್ಹಮ್ ಎಣಿಸಿ ಕೊಡುತ್ತಿದ್ದ, ಅವನು ಅದನ್ನು ಬೂಟಿನೊಳಗೆ ಇಳಿಸಿ ದೇವರಿಗೆ ಕೃತಜ್ಞತೆ ಹೇಳುತ್ತಿದ್ದ.

ಆಫೀಸರ್ ಕೇಳಿ ಸುಮ್ನೆ ತಲೆಯಾಡಿಸಿದಳು, ಹತ್ತಿ ಹಿಂಡಿದ ನೀರನ್ನು ಒಂದು ಚಮಚ ಕುಡಿದಳು, ಮತ್ತೊಂದು ಚಮಚ ಕೇಳಿದಳು. ಪಾಸಾಯಿತು.

ಆಮೇಲೆ ನಡಿಗೆ. ಯಾರ್ಕ್‌ಷೈರ್ ಬೆಟ್ಟಗಳಲ್ಲಿ ಜಿಟಿಜಿಟಿ ಮಳೆ. ಉಣ್ಣೆಯ ಜುಬ್ಬಾ ನೆನೆದು ಭಾರವಾಯಿತು, ಆದರೆ ಮೈ ಬೆಚ್ಚಗೇ ಇತ್ತು. ಕತ್ತಿಯ ಹೆಗಲಪಟ್ಟಿ ಒಂದೇ ಜಾಗ ಒತ್ತುತ್ತದೆ, ಗುರಾಣಿಯನ್ನು ಬೆನ್ನಿಗೆ ಹಾಕಿದರೆ ಗಾಳಿ ಹಿಡಿದು ಎಳೆಯುತ್ತದೆ. ಉಂಗುರದ ಕವಚ ತೊಟ್ಟ ಗೆಳೆಯನ ಜೊತೆ ನಡೆದೆ. ಏರು ಬಂದಾಗಲೆಲ್ಲಾ ಅವನು ನಿಲ್ಲುತ್ತಿದ್ದ, ನಾನು ಹೋಗುತ್ತಿದ್ದೆ.

ಕೊನೆಗೆ ಡ್ರಿಲ್. 750ರ ಜನವರಿಯಲ್ಲಿ ಝಾಬ್ ನದಿಯ ಹತ್ತಿರ ಕೊನೆಯ ಉಮಯ್ಯದ್ ಖಲೀಫ ಎರಡನೇ ಮರ್ವಾನ್‌ನ ಕುದುರೆಪಡೆ ನುಗ್ಗಿದಾಗ, ಉಮಯ್ಯದರ ವಿರುದ್ಧ ಎದ್ದಿದ್ದ ಅಬ್ಬಾಸಿದರ ನಾಯಕ ಅಬ್ದುಲ್ಲಾ ಇಬ್ನ್ ಅಲಿ ತನ್ನವರನ್ನು ಕುದುರೆಯಿಂದ ಇಳಿಸಿ, ಮಂಡಿ ಊರಿಸಿ, ಭರ್ಜಿಗಳನ್ನು ಮುಂದೆ ಚಾಚಿಸಿದ. ಸಾಲು ಒಡೆಯಲಿಲ್ಲ, ಮರ್ವಾನ್ ಸೋತ, ಒಂದು ರಾಜವಂಶವೇ ಹೋಯಿತು. ಇದು ನನ್ನ ಕಾಲಾಳಿಗಿಂತ ಒಂದು ತಲೆಮಾರು ಈಚಿನದು, ಆದರೆ ಸಾಲು ಕಟ್ಟುವುದು ಅವನಿಗೂ ಗೊತ್ತಿದ್ದದ್ದೇ. ಸ್ಯಾಕ್ಸನ್ ಗೆಳೆಯರನ್ನು ಸೇರಿಸಿಕೊಂಡು ಸಾಲು ಕಟ್ಟಿದೆವು. ಬಲ ಮಂಡಿ ನೆಲಕ್ಕೆ, ಗುರಾಣಿ ಎಡ ಭುಜಕ್ಕೆ, ಭರ್ಜಿಯ ಬುಡ ಒದ್ದೆ ಮಣ್ಣಿಗೆ ಊರಿ, ಮೊನೆ ಕುದುರೆಯ ಎದೆಯ ಎತ್ತರಕ್ಕೆ. ಪಕ್ಕದವನ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿರಬೇಕು, ತಾಗದಿದ್ದರೆ ನಡುವೆ ಬಾಗಿಲು ತೆರೆದ ಹಾಗೆ. ತಂಡದ ಒಬ್ಬಳು ತನ್ನ ಕುದುರೆಯನ್ನು ಮೆಲ್ಲನೆ ನಮ್ಮ ಕಡೆ ನಡೆಸಿದಳು. ಅವಳ ಕಾಲು ಕಬ್ಬಿಣದ ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲಿಡುವ ಬಳೆಯಲ್ಲಿ, ಇತ್ತು. ಅರಬರಲ್ಲಿ ಮರದ ರಿಕಾಪು ಮುರಿಯುತ್ತವೆ ಅಂತ ಕಬ್ಬಿಣದ್ದು ಮಾಡಿಸಿದವನು ಸೇನಾನಾಯಕ ಮುಹಲ್ಲಬ್, ಏಳನೇ ಶತಮಾನದ ಕೊನೆಯಲ್ಲಿ, ಅನ್ನುತ್ತಾರೆ. ಕುದುರೆ ಹತ್ತಿರ ಬಂತು, ಮೊನೆಗಳನ್ನು ನೋಡಿತು, ಕಿವಿ ಹಿಂದಕ್ಕೆ ಮಾಡಿ ನಿಂತೇಬಿಟ್ಟಿತು. ಎಷ್ಟು ಒತ್ತಾಯಿಸಿದರೂ ಮುಂದೆ ಬರಲಿಲ್ಲ, ಪಕ್ಕಕ್ಕೆ ತಿರುಗಿತು. ಮಂಡಿಯ ಮೇಲೆ ಕೂತವನಿಗೆ ಆ ಪ್ರಾಣಿ ಎಷ್ಟು ಎತ್ತರ ಕಾಣುತ್ತದೆ ಅಂದರೆ, ಏಳದೆ ಕೂರಬೇಕಾದರೆ ಪಕ್ಕದವನ ಮೇಲೆ ಪೂರ್ತಿ ನಂಬಿಕೆ ಇರಬೇಕು.

ಮಧ್ಯಾಹ್ನ ಹಗ್ಗ ಜಗ್ಗುವ ಕಲ್ಲೆಸೆತದ ಯಂತ್ರವನ್ನೂ ಎಳೆದೆವು. ನಮ್ಮದು ಸಣ್ಣದು, ಹತ್ತಾರು ಜನ ಸಾಕು. ದೇಬಲ್ ಮುಂದೆ ನಿಲ್ಲಿಸಿದ ಅರೂಸ್, ಅಂದರೆ ಮದುಮಗಳು ಅನ್ನುವ ಯಂತ್ರಕ್ಕೆ 500 ಜನ ಬೇಕಿತ್ತು. ಎಲ್ಲರೂ ಒಂದೇ ಉಸಿರಿಗೆ ಜಗ್ಗದಿದ್ದರೆ ಕಲ್ಲು ಅಲ್ಲೇ ಬೀಳುತ್ತದೆ. ಹಜ್ಜಾಜ್ ಮತ್ತು ಮುಹಮ್ಮದ್ ನಡುವೆ ಮೂರು ಮೂರು ದಿನಕ್ಕೆ ಪತ್ರ ಓಡಾಡುತ್ತಿದ್ದವು. ಯಂತ್ರದ ಕಾಲು ಗಿಡ್ಡ ಮಾಡು, ಪೂರ್ವಕ್ಕೆ ನಿಲ್ಲಿಸು, ನೀನು ಬರೆದ ಆ ಧ್ವಜದ ಕಂಬಕ್ಕೆ ಗುರಿ ಇಡಲು ಹೇಳು ಅಂತ ಅವನು ಇರಾಕ್‌ನಿಂದ ಬರೆದ. ಕಂಬ ಬಿತ್ತು, ಊರೂ ಬಿತ್ತು. 712ರಲ್ಲಿ ಸಿಂಧ್‌ನ ರಾಜ ದಾಹಿರ ಸತ್ತ. ಕೊನೆಗೆ ಹಜ್ಜಾಜ್ ಖರ್ಚು ಆದಾಯ ಲೆಕ್ಕ ಹಾಕಿಸಿದ. ಖರ್ಚು 6 ಕೋಟಿ ದಿರ್ಹಮ್, ಬಂದದ್ದು 12 ಕೋಟಿ ಅಂತ ಬಲಾಧುರಿ ಬರೆಯುತ್ತಾನೆ. ಆ ಊರಿನ ಜನರಿಗೆ ಏನಾಯಿತು ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ಡೇರೆಗೆ ಬಂದವರಿಗೆ ದಬ್ಬಣ ತೋರಿಸುವಾಗ ನಾನು ಇದನ್ನೂ ಹೇಳುತ್ತೇನೆ, ದೇಬಲ್‌ನಲ್ಲಿ ಮೂರು ದಿನ ಕೊಲೆ ನಡೆಯಿತು ಅಂತ ಬಲಾಧುರಿಯೇ ಬರೆದಿದ್ದಾನೆ.

ಮುಂದಿನ ಬೇಸಿಗೆಗೆ ತಂಡದ ಇನ್ನಿಬ್ಬರು ಇದೇ ಸಾಮಾನು ಮಾಡಿಕೊಳ್ಳುತ್ತಾರಂತೆ. ಜುಬ್ಬಾದ ಬಟ್ಟೆ ಕತ್ತರಿಸಿ ಆಗಿದೆ, ಅವ್ವನ ವಿಡಿಯೊ ಕಾಲ್‌ಗೆ ಈಗ ಮೂರು ಜನ ಕೂರುತ್ತೇವೆ. ಅವರಲ್ಲಿ ಒಬ್ಬ ಅರೀಫ್ ಆಗಿ ಪಟ್ಟಿ ಇಟ್ಟುಕೊಳ್ಳಲು ಒಪ್ಪಿದ್ದಾನೆ. ಅವನಿಗೆ ಕಾಗದ ಕೊಡುವ ಹಾಗಿಲ್ಲ, 711ರಲ್ಲಿ ಸಿರಿಯಾದವರ ಕೈಗೆ ಕಾಗದ ಇನ್ನೂ ಬಂದಿರಲಿಲ್ಲ. ಪಪೈರಸ್ ಹಾಳೆಗೆ ಈಜಿಪ್ಟ್‌ಗೆ ಆರ್ಡರ್ ಹಾಕಿದ್ದೇವೆ, ಲಾಳದ ಕಡ್ಡಿಯ ಲೇಖನಿಯನ್ನು ಕೆರೆಯ ದಂಡೆಯಿಂದ ನಾವೇ ಕೊಯ್ದು ತರಬೇಕು.